ಹೊತ್ತು ಮುಳುಗದ ಊರಿನ ಊಟ

ಮೊನ್ನೆ ನಿಪ್ಪಾಣಿಯಲ್ಲಿ ಒಂದು ಮದುವೆಗೆ ಹೋಗಿದ್ದೆ. ಮಂಗಲ ಕಾರ್ಯಾಲಯದ ಹಿಂದಿನ ಬಯಲಿನಲ್ಲಿ ನಿಂತು ಉಣ್ಣುವ ಏರ್ಪಾಡು. ತಾಟು ತುಂಬಿಸಿಕೊಂಡು ಒಂದು ಮೂಲೆಗೆ ಹೋಗಿ, ಬಲಗೈಯನ್ನು ಮುಖದ ಹತ್ತಿರ ತಂದು, ಅಂಗೈಯನ್ನು ಒಮ್ಮೆ ದಿಟ್ಟಿಸಿ ನೋಡಿದೆ. ಪಕ್ಕದಲ್ಲಿದ್ದ ಜರಿ ಸೀರೆಯ ಹೆಂಗಸು ಕನಿಕರದಿಂದ, "ಕೈ ತೊಳಕೋಬೇಕೇನ್ರಿ? ನಳ ಆ ಕಡೆ ಐತ್ರಿ" ಎಂದರು. "ಇಲ್ರಿ, ಸುಮ್ನ ನೋಡಿದೆ" ಎಂದೆ. ಅವರು ಎರಡು ತುತ್ತು ಉಂಡರು. ಆಮೇಲೆ ತಾಟನ್ನು ಕುರ್ಚಿಯ ಮೇಲಿಟ್ಟು, ತಮ್ಮ ಎಡಗೈಯನ್ನು ನನ್ನ ಮೂಗಿನ ಕೆಳಗೆ ಹಿಡಿದರು. "ಕೈ ನೋಡಾಕ ಬರತೈತಿ ಅಂತ ಮೊದಲ ಹೇಳಬಾರದೇನ್ರಿ? ನಮ್ಮ ಹುಡುಗಗ ಕನ್ಯಾ ಸಿಗವಲ್ದು. ಯೋಗ ಯಾವಾಗ ಐತಿ, ನೋಡ್ರಿ." ಏನು ಹೇಳಲಿ? "ಈ ವರ್ಷ ಆಗತೈತ್ರಿ" ಎಂದುಬಿಟ್ಟೆ. ಅವರು ಓಡಿಹೋಗಿ ನನ್ನ ತಾಟಿಗೆ ಇನ್ನಷ್ಟು ಜಿಲೇಬಿ ತಂದು ಹಾಕಿದರು. ಆ ಹುಡುಗನಿಗೆ ಈ ವರ್ಷ ಮದುವೆಯಾಗಲಿ ಎಂದು ನಾನೂ ಮನಸಾರೆ ಹಾರೈಸುತ್ತಿದ್ದೇನೆ, ಜಿಲೇಬಿ ಚೆನ್ನಾಗಿತ್ತು.

ಈ ಅಂಗೈ ನೋಡುವ ಚಟ ನನ್ನದಲ್ಲ, ನಮ್ಮ ಆಯಿಯದು. ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುತ್ತೇವೆ. ಕಾಗವಾಡದಲ್ಲಿ ನಮ್ಮದು ಒಕ್ಕಲುತನದ ಜೈನ ಮನೆ. ಒಂದು ದ್ರಾಕ್ಷಿ ತೋಟ, ಸ್ವಲ್ಪ ಕಬ್ಬು, ಎಮ್ಮೆಗಳು, ಇವೆಲ್ಲದರ ಮೇಲೆ ಆಯಿ. ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ಉಣ್ಣುವಂತಿಲ್ಲ. ಕತ್ತಲಲ್ಲಿ ಹುಳಹುಪ್ಪಡಿ ಅನ್ನದಲ್ಲಿ ಬಿದ್ದು ಸಾಯುತ್ತವೆ, ಆ ಜೀವದ ಪಾಪ ಉಂಡವರ ತಲೆಗೆ. ಇದು ಎಲ್ಲ ಜೈನರ ಮನೆಯಲ್ಲೂ ಇರುವ ಮಾತೇ. ಆದರೆ ನಮ್ಮ ಆಯಿ ಇದನ್ನು ಸಕ್ಕರೆ ಕಾರ್ಖಾನೆಯ ಪಾಳಿಯ ಹಾಗೆ ನಡೆಸುತ್ತಿದ್ದಳು. ಬಿಸಿಲು ಎದುರು ಮನೆಯ ಮಾಳಿಗೆ ಬಿಟ್ಟಿತೆಂದರೆ ಒಲೆ ಹೊತ್ತಬೇಕು. ಬೇವಿನ ಮರದ ತುದಿಗೆ ಹೋಯಿತೆಂದರೆ ತಾಟು ಇಡಬೇಕು. ಹೊತ್ತು ಮುಳುಗಿತೆಂದರೆ ಕೆಂಡ ಆರಿಸಿ, ಒಲೆಯ ಮೇಲೆ ರೊಟ್ಟಿ ಹಿಟ್ಟು ನಾದುವ ದೊಡ್ಡ ಹಿತ್ತಾಳೆಯ ಪರಾತವನ್ನು ಬೋರಲು ಹಾಕುತ್ತಿದ್ದಳು. ಆ ಪರಾತ ಬಿದ್ದ ಸದ್ದು ಓಣಿಯವರಿಗೆಲ್ಲ ಕೇಳಿಸುತ್ತಿತ್ತು. ಆಮೇಲೆ ಬೆಳಗಿನವರೆಗೆ ಅದನ್ನು ಎತ್ತುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ, ಅಪ್ಪನಿಗೂ ಸಹ.

ನೀವು ಕೇಳಬಹುದು, ಮಳೆಗಾಲದಲ್ಲಿ ಮೋಡ ಕವಿದು ಸೂರ್ಯನೇ ಕಾಣದಿದ್ದರೆ ಹೊತ್ತು ಇದೆಯೋ ಇಲ್ಲವೋ ತಿಳಿಯುವುದು ಹೇಗೆ? ಅದಕ್ಕೇ ಈ ಅಂಗೈ. "ಅಂಗೈ ಗೆರಿ ಕಾಣೂತನಾ ಹೊತ್ತ ಐತಿ. ಕಾಣಲಿಲ್ಲಂದ್ರ ತಾಟ ಬಿಟ್ಟ ಏಳ್ರಿ" ಎಂಬುದು ಆಯಿಯ ಕಾನೂನು. ಮಳೆ ಬೀಳುವ ಸಂಜೆ ನಾವು ಅಣ್ಣ ತಂಗಿಯರೆಲ್ಲ ಸಾಲಾಗಿ ಕುಳಿತು, ಒಂದು ತುತ್ತಿಗೊಮ್ಮೆ ಅಂಗೈ ನೋಡಿಕೊಂಡು ಉಣ್ಣುತ್ತಿದ್ದೆವು. ನಮ್ಮ ಮಾತಿನಲ್ಲಿ ಹೊತ್ತು ಅಂದರೆ ಸೂರ್ಯನೂ ಹೌದು, ವೇಳೆಯೂ ಹೌದು. "ಹೊತ್ತ ಐತಿ" ಅಂದರೆ ಸೂರ್ಯ ಇದ್ದಾನೆ, ಇನ್ನೂ ಸಮಯವಿದೆ, ಎರಡೂ ಆಯಿತು. ನಮ್ಮ ಮನೆಯಲ್ಲಿ ಅದಕ್ಕೆ ಮೂರನೆಯ ಅರ್ಥವೂ ಇತ್ತು: ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳಬಹುದು.

ಆ ಮೂರನೆಯ ಅರ್ಥವೇ ನನಗೆ ಪ್ರಿಯ. ನಾನು ಹುಟ್ಟಾ ಹಸಿದವಳು. ಓಣಿಯಲ್ಲಿ ಲಗೋರಿ ಬಿಸಿಯೇರುವ ಹೊತ್ತಿಗೇ ಆಯಿ ಮಾಳಿಗೆ ಹತ್ತಿ, "ಪದ್ದೀ, ಹೊತ್ತ ಹೊಂಟ್ತ, ಬಾರೇ" ಎಂದು ಕೂಗುವಳು. ನಾನು ಚೆಂಡು ಕೈಯಲ್ಲಿ ಹಿಡಿದೇ ಓಡುತ್ತಿದ್ದೆ. ಉಳಿದ ಹುಡುಗರು ನನಗೆ "ಸೂರ್ಯಾನ ಆಳು" ಎಂದು ಹೆಸರಿಟ್ಟಿದ್ದರು. ಗಬಗಬ ಉಂಡು ಮತ್ತೆ ಆಟಕ್ಕೆ ಬಂದರೆ, ರಾತ್ರಿ ಮಲಗುವಷ್ಟರಲ್ಲಿ ಹೊಟ್ಟೆ ಖಾಲಿ. ಪಕ್ಕದ ಮನೆಯಿಂದ ಒಗ್ಗರಣೆಯ ವಾಸನೆ ಬರುವಾಗ ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತ, ದೊಡ್ಡವಳಾದ ಮೇಲೆ ಹೊತ್ತೇ ಮುಳುಗದ ಊರಿಗೆ ಮದುವೆಯಾಗಿ ಹೋಗಬೇಕು ಎಂದುಕೊಳ್ಳುತ್ತಿದ್ದೆ. ಅಂಥ ಊರೊಂದು ನಿಜಕ್ಕೂ ಇದೆ ಎಂದು ಆಗ ನನಗೇನು ಗೊತ್ತು?

ಚಿಕ್ಕೋಡಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಕಾಲೇಜು ಓದಿದೆ. ಕಾಲೇಜಿನ ಸೇವಾ ಶಿಬಿರ ಕಬ್ಬೂರಿನಲ್ಲಿ ನಡೆದಾಗ ರಸ್ತೆಗೆ ಮಣ್ಣು ಹೊತ್ತೆ. ಬೇರೆಯವರು ಒಂದು ಬುಟ್ಟಿ ಹೊರುವಾಗ ನಾನು ಎರಡು ಹೊತ್ತೆ, ಏಕೆಂದರೆ ಹೆಚ್ಚು ಹೊತ್ತವರಿಗೆ ಹೆಚ್ಚು ಉಪ್ಪಿಟ್ಟು. ಇದನ್ನು ನೋಡಿದ ನಮ್ಮ ಮೇಡಂ ನನ್ನಲ್ಲಿ ಭಾರೀ ಸೇವಾಭಾವವಿದೆ ಎಂದು ತಿಳಿದರು. ಬೇರೆ ಬೇರೆ ದೇಶದ ಯುವಕರನ್ನು ಒಂದೆಡೆ ಸೇರಿಸಿ ಶ್ರಮದಾನ ಮಾಡಿಸುವ ಒಂದು ಸಂಘ ಅವರಿಗೆ ಗೊತ್ತಿತ್ತು. ಅವರು ನನ್ನ ಹೆಸರು ಕಳಿಸಿದರು. ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಬೇಸಿಗೆಯಲ್ಲಿ, ನಾರ್ವೆ ಎಂಬ ದೇಶದ ಉತ್ತರದ ತುದಿಗೆ ಹೋಗಿ ಮುದುಕರ ಹೊಲದಲ್ಲಿ ಹುಲ್ಲು ಕೊಯ್ಯಲು ನನಗೆ ಕರೆ ಬಂತು. ಹೋಗಿಬರುವ ವ್ಯವಸ್ಥೆಯೆಲ್ಲ ಸಂಘದ್ದೇ.

ಅಪ್ಪ ಒಪ್ಪಲಿಲ್ಲ. "ಬೆಳಗಾಂವಿಗೆ ಒಬ್ಬಾಕಿನ್ನ ಕಳಸಾಕ ನಾ ಹತ್ತ ಸಲ ವಿಚಾರ ಮಾಡತೀನಿ. ಹುಲ್ಲ ಕೊಯ್ಯಾಕ ಅಷ್ಟ ದೂರ ಯಾಕ ಹೋಗಬೇಕು? ನಮ್ಮ ಹೊಲದಾಗ ಹುಲ್ಲ ಇಲ್ಲೇನ?" ಅಪ್ಪನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನಮ್ಮ ಹೊಲದ ಹುಲ್ಲನ್ನು ನಾನು ಒಂದು ದಿನವೂ ಮುಟ್ಟಿದವಳಲ್ಲ, ಆಳುಗಳಿಗೆ ಚಹಾ ಒಯ್ದು ಕೊಟ್ಟದ್ದೇ ನನ್ನ ಒಕ್ಕಲುತನ.

ಆಗ ಮಾತಾಡಿದವಳು ಆಯಿ. ಅಡಿಗೆಮನೆಯ ಬಾಗಿಲಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದವಳು ಅಪ್ಪನ ಕಡೆ ತಿರುಗಿ, "ಮುದುಕರ ಕೆಲಸಕ್ಕ ಕೈ ಹಚ್ಚಾಕ ಹೊಂಟಾಳ. ಅದಕ್ಕ ಯಾಕ ಅಡ್ಡ ಬರ್ತಿ? ಹೋಗಲಿ. ನಾ ಹೊಣಿ" ಎಂದಳು. ಆಯಿ ನನ್ನ ಕಡೆ ತಿರುಗಿದಳು. "ಆದ್ರ ಹೊತ್ತ ಮುಣಗಿದ ಮ್ಯಾಲ ಬಾಯಾಗ ತುತ್ತ ಇಡಂಗಿಲ್ಲ. ಯಾರ ನೋಡಲಿ, ಬಿಡಲಿ. ನೀ ಮಾತ ಕೆಡಿಸಿದ್ರ ನಿನ್ನ ತಂಗೇರನ್ನ ನಿಮ್ಮಪ್ಪ ಮಿರಜಿಗೂ ಕಳಸಂಗಿಲ್ಲ. ನನ್ನ ಮಾತಿಗೂ ಈ ಮನ್ಯಾಗ ಕಿಮ್ಮತ್ತ ಇರಂಗಿಲ್ಲ."

ನಾನು ಅವಳ ಕಾಲು ಮುಟ್ಟಿ ಮಾತು ಕೊಟ್ಟೆ. ಅವ್ವ ಇದೇ ಸಮಯ ಎಂದು, ನೆಲದೊಳಗೆ ಬೆಳೆಯುವ ಬಟಾಟಿಯನ್ನೂ ತಿನ್ನಬಾರದು ಎಂದು ಸೇರಿಸಲು ನೋಡಿದಳು. ಆಯಿಯೇ ತಡೆದಳು. "ಅದೂ ಬ್ಯಾಡಂದ್ರ ಹುಡುಗಿ ಜೀಂವಂತ ತಿರಗಿ ಬರೂದ ಹೆಂಗ?" ಆಮೇಲೆ ಏನೋ ನೆನಪಾಗಿ, "ಅಲ್ಲಿ ಹೊತ್ತ ಯಾವಾಗ ಮುಣಗತೈತಿ?" ಎಂದು ಅಪ್ಪನನ್ನು ಕೇಳಿದಳು. ಅಪ್ಪ ಇನ್ನೂ ಸಿಟ್ಟಿನಲ್ಲಿದ್ದ. "ಅಲ್ಲೇನ ಬ್ಯಾರೆ ಸೂರ್ಯ ಐತೇನಬೇ? ಇಲ್ಲಿ ಮುಣಗಿದಂಗ ಅಲ್ಲೂ ಮುಣಗತಾನ" ಎಂದ.

ಅಲ್ಲಿ ಮುಳುಗಲಿಲ್ಲ.

ಸಮುದ್ರ ಮತ್ತು ಬೋಳು ಗುಡ್ಡಗಳ ನಡುವೆ ಚದುರಿದ ಕೆಂಪು ಬಣ್ಣದ ಮರದ ಮನೆಗಳು, ಅದೇ ಊರು. ಶಿಬಿರದ ಊಟ ಆ ಊರಿನ ಶಾಲೆಯ ಮಾಸ್ತರಿಣಿ ಇಂಗ್ರಿಡ್ ಅವರ ಮನೆಯಲ್ಲಿ. ಐವತ್ತರ ಹತ್ತಿರದ ಎತ್ತರದ ಹೆಂಗಸು, ನಕ್ಕರೆ ಪಾತ್ರೆಗಳು ಅಲುಗಬೇಕು. ಮೊದಲ ಸಂಜೆ ಊಟಕ್ಕೆ ಕರೆದಾಗ ನಾನು ಅಭ್ಯಾಸದಂತೆ ಕಿಟಕಿ ನೋಡಿದೆ. ಬಿಸಿಲು ಚೆನ್ನಾಗಿತ್ತು. ಇನ್ನೇನು ಮುಳುಗುತ್ತದೆ, ನಾಳೆಯವರೆಗೆ ತಡೆಯಬೇಕು ಎಂದು ಎರಡು ದಿನಕ್ಕಾಗುವಷ್ಟು ಉಂಡೆ. ಮೀನು ತಂದಾಗ ಗಾಬರಿಯಾಗಿ, "ನಕೋ ನಕೋ" ಎಂದು ಎರಡೂ ಕೈ ಅಡ್ಡ ಹಿಡಿದೆ. ಇದು ಗಡಿಯವರ ಜಾಡ್ಯ. ನಮ್ಮ ಊರಿನವರ ತಲೆಯಲ್ಲಿ ಲೋಕದಲ್ಲಿ ಇರುವುದೇ ಎರಡು ಭಾಷೆ. ಎದುರಿಗಿರುವವರಿಗೆ ಕನ್ನಡ ಬಾರದು ಎಂದಾದರೆ ಮರಾಠಿ ಬರಲೇಬೇಕು. ಹೊಟ್ಟೆಪಾಡಿಗೆ ಕಲಿತ ಇಂಗ್ಲಿಷು ಗಾಬರಿಯಲ್ಲಿ ಎಲ್ಲಿ ನೆನಪಾಗುತ್ತದೆ? ಇಂಗ್ರಿಡ್‌ಗೆ ಅರ್ಥವಾಯಿತೆಂಬುದೇ ಆಶ್ಚರ್ಯ. ಮೀನು ಹಿಂದೆ ಹೋಗಿ, ಬ್ರೆಡ್ಡಿನ ಜೊತೆ ಬೆಲ್ಲದ ಬಣ್ಣದ, ಹೆಚ್ಚುಕಡಿಮೆ ಬೆಲ್ಲದಷ್ಟೇ ಸಿಹಿಯಾದ ಒಂದು ಚೀಜು ಬಂತು.

ಸ್ವಲ್ಪ ಹೊತ್ತಾದ ಮೇಲೆ ಕಾಫಿ, ಮತ್ತೆ ಬ್ರೆಡ್ಡು. ಕಿಟಕಿ ನೋಡಿದೆ, ಬಿಸಿಲಿತ್ತು. ತಿಂದೆ. ಮಲಗುವ ಮೊದಲು ಬಿಸಿ ದೋಸೆಯಂಥದೊಂದು, ಮೇಲೆ ಹಣ್ಣಿನ ಪಾಕ. ಕಿಟಕಿ ನೋಡಿದೆ. ಸೂರ್ಯ ಅಲ್ಲೇ ಕುಳಿತಿದ್ದ. ತಿಂದೆ. "ಇಲ್ಲಿ ಹೊತ್ತು ಮುಳುಗುವುದು ಯಾವಾಗ?" ಎಂದು ಇಂಗ್ರಿಡ್‌ರನ್ನು ಕೇಳಿದೆ. ಅವರು ಶಾಂತವಾಗಿ, "ಮುಂದಿನ ತಿಂಗಳು" ಎಂದರು.

ಆ ಕ್ಷಣ ನನಗಾದ ಆನಂದವನ್ನು ನಿಮಗೆ ಹೇಗೆ ಹೇಳಲಿ? ಬಾಲ್ಯದುದ್ದಕ್ಕೂ ಹಸಿದು ಮಲಗಿದ ರಾತ್ರಿಗಳೆಲ್ಲ ಒಟ್ಟಿಗೆ ಬಂದು ನನ್ನೆದುರು ತಾಟು ಹಿಡಿದು ನಿಂತಂತಾಯಿತು. ಆಯಿಗೆ ಕೊಟ್ಟ ಮಾತು ಮುರಿಯುವ ಪ್ರಶ್ನೆಯೇ ಇರಲಿಲ್ಲ. ಮುರಿಯಲು ಸೂರ್ಯನೇ ಬಿಡುತ್ತಿರಲಿಲ್ಲ. ಹೊತ್ತಿರುವ ತನಕ ಉಣ್ಣು ಎಂದು ಚಿಕ್ಕಂದಿನಿಂದ ಕೇಳಿದ್ದನ್ನು ನಾನು ಅಲ್ಲಿ ಅಕ್ಷರಶಃ ಪಾಲಿಸಿದೆ. ಕೆಲವೇ ದಿನಗಳಲ್ಲಿ ಅವ್ವ ಹೊಲಿಸಿಕೊಟ್ಟ ಸಲವಾರ ಕುರ್ತಾಗಳ ಹೊಲಿಗೆ ಬಿಚ್ಚಬೇಕಾಯಿತು.

ಮೋಡದ ದಿನ ಬಂತು. ಸೂರ್ಯ ಕಾಣಿಸಲಿಲ್ಲ. ನಾನು ತಾಟಿನ ಮುಂದೆ ಕುಳಿತು, ಬಲಗೈಯನ್ನು ಮುಖದ ಹತ್ತಿರ ತಂದು, ಗೆರೆ ನೋಡಿ, ತುತ್ತು ಎತ್ತಿದೆ. ತಲೆ ಎತ್ತಿದರೆ ಮೇಜಿನ ಸುತ್ತ ಎಲ್ಲರೂ ಗಂಭೀರವಾಗಿ ನನ್ನನ್ನೇ ನೋಡುತ್ತಿದ್ದರು. ಅದು ನಮ್ಮ ಊಟದ ಮೊದಲಿನ ಪ್ರಾರ್ಥನೆ ಎಂದುಕೊಂಡಿದ್ದರು. ಮರುದಿನದಿಂದ ಜರ್ಮನಿಯ ಹುಡುಗರು, ಪೋಲೆಂಡಿನ ಹುಡುಗಿಯರು, ಎಲ್ಲರೂ ಅಂಗೈ ಮುಖಕ್ಕೆ ಹಿಡಿದು ಕಣ್ಣು ಕಿರಿದಾಗಿಸಿ ನೋಡಿದ ಮೇಲೆಯೇ ಊಟ. ನನ್ನ ಮುರುಕು ಇಂಗ್ಲಿಷಿನಲ್ಲಿ ಇದು ಪ್ರಾರ್ಥನೆಯಲ್ಲ, ಬೆಳಕಿನ ಪರೀಕ್ಷೆ ಎಂದು ವಿವರಿಸಿದೆ. ಅವರಿಗೆ ಪ್ರಾರ್ಥನೆಗಿಂತ ಇದೇ ಹೆಚ್ಚು ಹಿಡಿಸಿತು. ಇಂಗ್ರಿಡ್ ಮಾತ್ರ ಪೂರ್ತಿ ತಿಳಿಯುವವರೆಗೆ ಬಿಡಲಿಲ್ಲ. ಹುಳದ ಮಾತು, ಆಯಿಯ ಮಾತು, ಪರಾತದ ಮಾತು ಎಲ್ಲ ಕೇಳಿದರು. ಕೊನೆಗೆ ಎರಡು ಶಬ್ದ ಕಲಿತರು: ಒಂದು "ಹೊತ್ತು ಐತಿ", ಇನ್ನೊಂದು "ಹೊತ್ತು ಇಲ್ಲ". ಮೊದಲನೆಯದನ್ನು ಆವತ್ತಿನಿಂದಲೇ ಬಳಕೆಗೆ ತಂದರು. ಊಟಕ್ಕೆ ಗಂಟೆ ಬಾರಿಸುವುದು ಬಿಟ್ಟು, ಬಾಗಿಲಲ್ಲಿ ನಿಂತು ಹೊಲದ ಕಡೆ "ಹೊತ್ತು ಐತೀ" ಎಂದು ಕೂಗುವರು. ಭೂಗೋಳದ ಆ ತುದಿಯಲ್ಲಿ, ಕಾಗವಾಡದ ಓಣಿಯ ಕೂಗು ಕೇಳಿ ನಾನಾ ದೇಶದ ಹುಡುಗರು ಕುಡಗೋಲು ಬಿಸಾಕಿ ಓಡಿಬರುತ್ತಿದ್ದರು. ಎರಡನೆಯ ಶಬ್ದ ಬಳಸುವ ಪ್ರಸಂಗವೇ ಬರಲಿಲ್ಲ.

ಕೆಲಸದ ಬಗ್ಗೆಯೂ ಹೇಳಬೇಕಲ್ಲ, ಇಲ್ಲದಿದ್ದರೆ ನಾನು ಉಣ್ಣಲಿಕ್ಕೇ ಹೋಗಿದ್ದೆ ಎನ್ನುತ್ತೀರಿ. ಅಲ್ಲಿ ಕೊಯ್ದ ಹುಲ್ಲನ್ನು ನೆಲದ ಮೇಲೆ ಒಣಗಿಸುವುದಿಲ್ಲ. ಹೊಲದಲ್ಲಿ ಗೂಟ ನೆಟ್ಟು, ತಂತಿ ಎಳೆದು, ಒಗೆದ ಬಟ್ಟೆಯನ್ನು ಒಣಹಾಕುವಂತೆ ಹುಲ್ಲನ್ನು ತಂತಿಯ ಮೇಲೆ ಹಾಕುತ್ತಾರೆ. ನಾನು ರೈತರ ಮಗಳೆಂದು ಎಲ್ಲರೆದುರು ಜಂಬ ಕೊಚ್ಚಿಕೊಂಡಿದ್ದರಿಂದ ಮೊದಲ ಸಾಲು ನನಗೇ ಕೊಟ್ಟರು. ನಾನು ಹಾಕಿದ ಹುಲ್ಲು ಗಾಳಿಗೆ ಪೂರ್ತಿ ಹಾರಿ ಪಕ್ಕದವರ ಹೊಲಕ್ಕೆ ಹೋಯಿತು. ಆ ಹೊಲದ ಮುದುಕ ಬಂದು ನನ್ನ ಕೈ ಕುಲುಕಿ ಧನ್ಯವಾದ ಹೇಳಿದ. ಅವನಿಗೂ ಸಹಾಯ ಮಾಡಲೆಂದೇ ನಾವು ಬಂದದ್ದಾದ್ದರಿಂದ ಲೆಕ್ಕ ಸರಿಹೋಯಿತು.

ಹೀಗೆ ದಿನ ಮುಗಿಯದೆ ದಿನಗಳು ಕಳೆದು ಶಿಬಿರದ ಕೊನೆ ಬಂತು. ಕೊನೆಯ ಊಟ ಕಡಲ ದಂಡೆಯಲ್ಲಿ. ಊರಿನವರೂ ಬಂದಿದ್ದರು, ಏಕೆಂದರೆ ಅಂದೇ ಆ ಬೇಸಿಗೆಯ ಮೊದಲ ಸೂರ್ಯಾಸ್ತ. ಎಷ್ಟೋ ವಾರ ಮುಳುಗದ ಸೂರ್ಯ ಅಂದು ನಡುರಾತ್ರಿ ದಾಟಿದ ಮೇಲೆ ಸ್ವಲ್ಪ ಹೊತ್ತು ಕಡಲಿಗಿಳಿದು ಮತ್ತೆ ಏಳುತ್ತಾನೆ, ಅದನ್ನು ನೋಡಲು ಜನ ಸೇರುತ್ತಾರೆ. ಇಂಗ್ರಿಡ್ ಆವತ್ತು ಹುಳಿ ಬಂದ ಕೆನೆಯ ಗಂಜಿ ಮಾಡಿದ್ದರು. ಬಿಸಿ ಬಿಸಿ ಗಂಜಿಯ ಮೇಲೆ ಬೆಣ್ಣೆ ಕರಗಿ, ಅದರ ಮೇಲೆ ದಾಲ್ಚಿನ್ನಿ, ಸಕ್ಕರೆ. ನಮ್ಮ ಗೋದಿ ಹುಗ್ಗಿ ನೆನಪಾಗಿ ಬಾಯಲ್ಲಿ ನೀರೂರಿತು. ಆದರೆ ಬಡಿಸುವುದು ತಡವಾಯಿತು. ನಾನು ಮೊದಲ ಚಮಚ ಎತ್ತುವುದಕ್ಕೂ ಸೂರ್ಯನ ಕೊನೆಯ ಚೂರು ನೀರಿಗಿಳಿಯುವುದಕ್ಕೂ ಸರಿಹೋಯಿತು.

ಚಮಚ ಕೆಳಗಿಟ್ಟೆ. ಎದುರಿಗೆ ಕುಳಿತ ಇಂಗ್ರಿಡ್ ತಮ್ಮ ಅಂಗೈಯನ್ನು ನನಗೆ ತೋರಿಸಿದರು. ಆಕಾಶದಲ್ಲಿ ಇನ್ನೂ ಕೆಂಪು ಬೆಳಕಿತ್ತು, ಗೆರೆಗಳು ಚೆನ್ನಾಗಿ ಕಾಣುತ್ತಿದ್ದವು. "ಗೆರೆ ಕಾಣುತ್ತಿದೆಯಲ್ಲ, ಉಣ್ಣು" ಎಂಬುದು ಅವರ ಮಾತು. ಗಂಜಿಯ ವಾಸನೆಯೂ ಅದನ್ನೇ ಹೇಳುತ್ತಿತ್ತು. ಆದರೆ ಅಂಗೈ ಇರುವುದು ಸೂರ್ಯ ಕಾಣದ ದಿನಕ್ಕೆ. ಇಲ್ಲಿ ಅವನು ಮುಳುಗಿದ್ದನ್ನು ನಾನೇ ಕಣ್ಣಾರೆ ನೋಡಿದ್ದೆ. ನೋಡಿದ ಮೇಲೂ ಅಂಗೈ ಅಡ್ಡ ಹಿಡಿದರೆ ಅದು ಆಯಿಗೆ ಕೊಟ್ಟ ಮಾತಾಗುವುದಿಲ್ಲ. ನನ್ನನ್ನು ನಂಬಿ ಹೊಣೆಯಾದವಳು ಸಾವಿರಾರು ಮೈಲಿ ದೂರದಲ್ಲಿ ಪರಾತ ಬೋರಲು ಹಾಕಿ ಮಲಗಿದ್ದಳು. "ಇಲ್ಲ, ನೀವು ಉಣ್ಣಿ. ನಾನು ಕಾಯುತ್ತೇನೆ" ಎಂದೆ.

ಇಂಗ್ರಿಡ್ ನನ್ನನ್ನು ನೋಡಿದರು. ಆಮೇಲೆ ತಮ್ಮ ಚಮಚವನ್ನೂ ಕೆಳಗಿಟ್ಟು, ಎಲ್ಲರಿಗೂ ಕೇಳಿಸುವಂತೆ, "ಹೊತ್ತು ಇಲ್ಲ" ಎಂದರು. ಅವರು ಆ ಎರಡನೆಯ ಶಬ್ದ ಬಳಸಿದ್ದು ಅದೇ ಮೊದಲು. ಒಬ್ಬೊಬ್ಬರಾಗಿ ಎಲ್ಲರೂ ಚಮಚ ಕೆಳಗಿಟ್ಟರು. ಹುಲ್ಲಿನ ಮುದುಕನೂ ಇಟ್ಟ. ನಾನು ಬೇಡ ಬೇಡ ಎಂದರೂ ಯಾರೂ ಕೇಳಲಿಲ್ಲ. ಬಿಸಿ ಗಂಜಿ ಎಲ್ಲರ ಬಟ್ಟಲಲ್ಲಿ ಆರಿ ಕೆನೆಗಟ್ಟುತ್ತಿತ್ತು. ಎಲ್ಲರೂ ಕಡಲ ಕಡೆ ನೋಡುತ್ತ, ನಗುತ್ತ, ಹಾಡುತ್ತ ಕಾದರು. ಸೂರ್ಯ ಮತ್ತೆ ಎದ್ದ. "ಹೊತ್ತು ಐತೀ!" ಎಂದು ಇಡೀ ದಂಡೆ ಕೂಗಿತು. ಆ ಆರಿದ ಗಂಜಿಯನ್ನು ನಾನು ಅಳುತ್ತ ಉಂಡೆ. ಅಷ್ಟು ಸುಖದ ಊಟ ನನಗೆ ಮತ್ತೆ ಸಿಕ್ಕಿಲ್ಲ.

ಮನೆಗೆ ಬಂದ ದಿನ ಆಯಿ ಎಲ್ಲವನ್ನೂ ಕೇಳಿದಳು, ಆದರೆ ಹೊತ್ತು ಮುಳುಗುವುದಿಲ್ಲ ಎಂಬುದನ್ನು ಮಾತ್ರ ನಂಬಲಿಲ್ಲ. "ಹಂಗಾರ ದನಾ ಯಾವಾಗ ಮನಿಗೆ ಬರ್ತಾವ?" ಎಂದಳು. ಗೊತ್ತಿಲ್ಲ ಎಂದೆ. "ಕೋಳಿ ಯಾವಾಗ ಕೂಗತಾವ?" ಅದೂ ಗೊತ್ತಿರಲಿಲ್ಲ. "ಹೊತ್ತ ಮುಣಗದಿದ್ರ ಅಲ್ಲಿ ಹೆಂಗಸರಿಗೆ ಒಲಿ ಮುಂದಿಂದ ಏಳಾಕ ಬಿಡುವ ಇಲ್ಲ ಬಿಡು. ಅಂಥಾ ಊರ ಯಾವ ದೇವ್ರ ಮಾಡತಾನ?" ಎಂದಳು. ಅಂದಿನಿಂದ ಓಣಿಯಲ್ಲಿ ಯಾರಾದರೂ ಸುಳ್ಳು ಹೇಳಿದರೆ, "ನಮ್ಮ ಪದ್ದಿ ನಾರ್ವೇದ ಕಥಿ ಹೇಳಿದಂಗ ಹೇಳಬ್ಯಾಡ" ಎನ್ನತೊಡಗಿದಳು.

ಆದರೆ ಗಂಜಿಯ ಮಾತು ಬಂದಾಗ ಅವಳು ನಗಲಿಲ್ಲ. "ನಿನ್ನ ಸಲುವಾಗಿ ಅವರೆಲ್ಲಾ ಕುಂತ್ರು?" ಎಂದು ಮತ್ತೆ ಮತ್ತೆ ಕೇಳಿದಳು. "ಆರಿದ್ದ ಉಂಡ್ರೇನ, ಪಾಪ. ಏನ ಆಕಿ ಹೆಸರು?" ಹೇಳಿದೆ. "ಇಂಗಳಿ? ಅದು ಕೃಷ್ಣಾ ದಂಡಿ ಮ್ಯಾಗಿನ ಊರಲ್ಲೇನ?" ನಮ್ಮ ಚಿಕ್ಕೋಡಿ ಕಡೆಯ ಊರಿನ ಹೆಸರನ್ನು ಇಂಗ್ರಿಡ್ ಇಟ್ಟುಕೊಂಡದ್ದು ಆಯಿಗೆ ಬಹಳ ಸಮಾಧಾನ ತಂದಿತು. "ಆ ಇಂಗಳಿಯವ್ವನ್ನ ಒಮ್ಮೆ ಕರಕೊಂಡ ಬಾ. ನನ್ನ ಕೈಲೆ ಬಿಸೀದ ಉಣಸ್ತೀನಿ" ಎಂದಳು. ಇದು ಸುಮ್ಮನೆ ಆಡಿದ ಮಾತಲ್ಲ. ವರ್ಷಕ್ಕೊಮ್ಮೆ ನೆನಪು ಮಾಡುತ್ತಿದ್ದಳು. ತಾನು ಕಣ್ಣು ಮುಚ್ಚುವುದರೊಳಗೆ ಆ ಋಣ ತೀರಬೇಕು ಎನ್ನುತ್ತಿದ್ದಳು.

ತೊಂಬತ್ತರ ದಶಕದ ಒಂದು ಜೂನಿನಲ್ಲಿ ಇಂಗ್ರಿಡ್ ನಿಜವಾಗಿಯೂ ಬಂದರು. ಶಾಲೆಗೆ ರಜೆ ಬಿದ್ದೊಡನೆ ಹೊರಟಿದ್ದರು. ಅಷ್ಟರಲ್ಲಿ ನನ್ನ ಮದುವೆಯಾಗಿ ರಾಯಬಾಗ ಸೇರಿದ್ದೆ. ಅವರಿಗಾಗಿ ತವರಿಗೆ ಬಂದೆ. ರೈಲು ಮಧ್ಯಾಹ್ನ ಮಿರಜಿಗೆ ಬರಬೇಕು. ಅಪ್ಪ ಜೀಪು ಮಾಡಿಕೊಂಡು ಹೋದ. ನಾನೂ ಹೊರಟರೆ ಆಯಿ ಬಿಡಲಿಲ್ಲ. "ಆಕಿ ಏನ ತಿಂತಾಳ ನನಗೇನ ಗೊತ್ತು? ನೀ ಇಲ್ಲೇ ಇರು." ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹೋಳಿಗೆ ಬೆಳಗಿನಿಂದಲೇ ಆದವು. ಬಿಸಿ ರೊಟ್ಟಿಗೆ ಹಿಟ್ಟು ತೆಗೆದಿಟ್ಟು, ಎಣ್ಣೆಗಾಯಿ ಒಲೆಯ ಬದಿಗಿಟ್ಟು ಆಯಿ ಕಾದಳು. ರೈಲು ತಡವಾಗಿತ್ತು. ಬಿಸಿಲು ಎದುರು ಮನೆಯ ಮಾಳಿಗೆ ಬಿಟ್ಟಿತು. ಬೇವಿನ ತುದಿಗೆ ಹೋಯಿತು. ಆಯಿ ಅಂಗಳಕ್ಕೂ ಒಲೆಗೂ ಓಡಾಡಿದಳು. ಜೀವನದಲ್ಲಿ ಮೊದಲ ಸಲ ಅವಳು ಸೂರ್ಯನ ಮೇಲೆ ಸಿಟ್ಟಾದದ್ದನ್ನು ನಾನು ನೋಡಿದೆ. "ಒಂದ ದಿನ ಸಾವಕಾಶ ಹೋದ್ರ ಏನಾಗತೈತಿ ಇವಗ?" ಎಂದು ಬಯ್ದಳು.

ಹೊತ್ತು ಮುಳುಗಿತು. ಮಳೆಯ ಮೋಡ ಬೇರೆ ಕವಿದು ಕತ್ತಲಾಯಿತು, ಕರೆಂಟೂ ಹೋಯಿತು. ಅವ್ವ ಮೆಲ್ಲಗೆ, "ಬರಾಕಿ ನಮ್ಮ ಪೈಕಿ ಅಲ್ಲಲ್ಲರಿ ಅತ್ತಿ. ಒಲಿ ಇರಲಿ" ಎಂದಳು. "ಉಣ್ಣಾಕಿ ಬ್ಯಾರೆ ಇರಬಹುದು. ಒಲಿ ನಮ್ಮದ" ಎಂದು ಆಯಿ ಕೆಂಡ ಆರಿಸಿ ಪರಾತ ಬೋರಲು ಹಾಕಿದಳು. ಆ ಸದ್ದಿಗೆ ಅವಳ ಕಣ್ಣೇ ತುಂಬಿತು.

ಅಷ್ಟರಲ್ಲಿ ಜೀಪು ಬಂತು. ಅಪ್ಪ ಉತ್ಸಾಹದಿಂದ ಇಳಿದು, "ಈ ಅಕ್ಕೋರಿಗೆ ಮರಾಠಿ ಛಲೋ ತಿಳೀತೈತಿ. ಮಿರಜಿನಿಂದ ಎಲ್ಲಾದಕ್ಕೂ ಹೂಂ ಅಂದಾರ" ಎಂದ. ಇಂಗ್ರಿಡ್ ನನ್ನನ್ನು ಅಪ್ಪಿಕೊಂಡು, ಆಯಿಯ ಕಾಲು ಮುಟ್ಟಿದರು. ಹಿಂದಿನ ದಿನದಿಂದ ಸರಿಯಾಗಿ ಊಟವಿಲ್ಲದ ಮುಖ. ನಾವು ಮಣೆ ಹಾಕಿ, ಕಂದೀಲು ದೂರವಿಟ್ಟು, ಮುಚ್ಚಿಟ್ಟಿದ್ದ ತಣ್ಣನೆಯ ಹೋಳಿಗೆ, ಹಾಲು ಬಡಿಸಿದೆವು. ಮೊದಲ ಮಳೆಯ ರೆಕ್ಕೆಹುಳಗಳು ಕಂದೀಲಿನ ಸುತ್ತ ಮುತ್ತಿದ್ದವು. ಆಯಿ ಗೋಡೆಗೆ ಆತು ಕುಳಿತು, ತಲೆ ತಗ್ಗಿಸಿ, ತಾಟಿನ ಕಡೆ ನೋಡಲಾರದೆ ಇದ್ದಳು. ಆರಿದ ಗಂಜಿ ಉಂಡವಳಿಗೆ ಮತ್ತೆ ಆರಿದ್ದೇ.

ಇಂಗ್ರಿಡ್ ಹೋಳಿಗೆಗೆ ಕೈ ಹಾಕಲಿಲ್ಲ. ಬಲಗೈಯನ್ನು ನಿಧಾನವಾಗಿ ಮುಖದ ಹತ್ತಿರ ತಂದರು. ಆ ಕತ್ತಲಲ್ಲಿ ಕಣ್ಣು ಕಿರಿದಾಗಿಸಿ ನೋಡಿದರು, ಕೈ ಹಿಂದೆ ಮುಂದೆ ಮಾಡಿ ಮತ್ತೆ ನೋಡಿದರು. ಆಮೇಲೆ ತಾಟನ್ನು ಮೆಲ್ಲಗೆ ಮುಂದೆ ಸರಿಸಿ, ಆಯಿಯ ಕಡೆ ನಕ್ಕು, "ಹೊತ್ತು ಇಲ್ಲ" ಎಂದರು.

ಆಯಿ ತಲೆ ಎತ್ತಿದಳು. "ಏನಂದ್ಲಕಿ?"

"ಹೊತ್ತ ಇಲ್ಲ, ಉಣ್ಣಂಗಿಲ್ಲ ಅಂತಾರ ಆಯಿ."

ಆಯಿ ಆ ಬಿಳಿಯ ಅಂಗೈಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು, ದನಿ ಬೇರೆಯಾಗಿತ್ತು. "ಪದ್ದೀ, ಖರೇ ಹೇಳು. ಈಗ ಈಕಿ ಊರಾಗ ಹೊತ್ತ ಮುಣಗೈತೇನ?"

"ಇಲ್ಲ ಆಯಿ. ಈ ತಿಂಗಳ ಅಲ್ಲಿ ಮುಣಗೂದ ಇಲ್ಲ."

"ನೀ ಕಣ್ಣಾರೆ ನೋಡೀದಿ?"

"ನೋಡೀನಿ."

"ಹಂಗಾರ ಆಕಿ ಹೊಟ್ಟಿ ಇನ್ನೂ ಅಲ್ಲೇ ಐತಿ. ಇಲ್ಲಿ ಬಂದ ಒಂದ ರಾತ್ರಿನೂ ಕಳದಿಲ್ಲ, ನಮ್ಮ ಹೊತ್ತ ಆಕಿಗೆ ಹೆಂಗ ಬರತೈತಿ?" ಎಂದು ಆಯಿ ಮೊಣಕಾಲು ಹಿಡಿದು ಎದ್ದಳು. ಇಷ್ಟು ವರ್ಷ ಓಣಿಯಲ್ಲೆಲ್ಲ ಸುಳ್ಳೆಂದು ಸಾರಿದ್ದ ನಾರ್ವೆಯ ಕಥೆಯನ್ನು ಅವಳು ಆ ಒಂದು ಕ್ಷಣದಲ್ಲಿ ಪೂರ್ತಿ ನಂಬಿದಳು. ಅಡಿಗೆಮನೆಯಲ್ಲಿ ಪರಾತ ಎತ್ತಿದ ಸದ್ದಾಯಿತು. ಅಪ್ಪ ಬೆಚ್ಚಿ ಎದ್ದು ನಿಂತ. ಒಲೆ ಹೊತ್ತಿತು. ರೊಟ್ಟಿ ಬಡಿಯುವ ಸದ್ದು ಕತ್ತಲಲ್ಲಿ ನಮ್ಮ ಮನೆಯಿಂದ ಕೇಳಿಸಿದ್ದು ಅದೇ ಮೊದಲು. ಏನಾಯಿತೋ ಎಂದು ಎದುರು ಮನೆಯವರು ಬಾಗಿಲು ತೆರೆದು ನೋಡಿದರು.

ಆಯಿ ಬಿಸಿ ರೊಟ್ಟಿ, ಬಿಸಿ ಎಣ್ಣೆಗಾಯಿ ತಾನೇ ಬಡಿಸಿದಳು. ಆಮೇಲೆ ಇಂಗ್ರಿಡ್‌ರ ಪಕ್ಕದಲ್ಲೇ ಕುಳಿತು, ಬೀಸಣಿಗೆ ಹಿಡಿದು, ಒಂದು ಹುಳವೂ ತಾಟಿಗೆ ಬೀಳದಂತೆ ಬಲಗೈ ಸೋತರೆ ಎಡಗೈಯಿಂದ, ಎಡಗೈ ಸೋತರೆ ಬಲಗೈಯಿಂದ ಗಾಳಿ ಹಾಕುತ್ತಲೇ ಇದ್ದಳು. ಇಂಗ್ರಿಡ್ ಅನುಮಾನದಿಂದ ಮತ್ತೊಮ್ಮೆ ಅಂಗೈ ಎತ್ತಹೋದರು. ಆಯಿ ಆ ಕೈಯನ್ನು ಹಿಡಿದು, ಮಡಚಿ, ರೊಟ್ಟಿಯ ಮೇಲಿಟ್ಟಳು. ಹೊರಗೆ ಕಗ್ಗತ್ತಲು, ಮಳೆ ಶುರುವಾಗಿತ್ತು.

"ಸಾವಕಾಶ ಉಣ್ಣವಾ ಮಗಳ," ಎಂದಳು ಆಯಿ, "ಹೊತ್ತ ಭಾಳ ಐತಿ."